ಬೆಲ್ಟು ಹತ್ತಲಿಲ್ಲ ಅಂತ ಕುಣಿಯುವವರನ್ನು ಹಿಂದೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾನು 22 ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಚೂಡಿದಾರ್, ಭರತನಾಟ್ಯದ ಡ್ರೆಸ್ಸು ದಿನದ ಕೆಲಸ. ಎರಡು ವರ್ಷದಿಂದ ಬೆಲ್ಲಿ ಡಾನ್ಸ್, ಅಂದರೆ ಸೊಂಟ ಆಡಿಸಿ ಕುಣಿಯುವ ನೃತ್ಯ, ಕಲಿಯುವವರಿಗೆ ಸೊಂಟದ ಬೆಲ್ಟನ್ನೂ ಹೊಲಿಯುತ್ತಿದ್ದೇನೆ. ಅದರ ಬಗ್ಗೆಯೇ ಈ ಪತ್ರ.

ಕಳೆದ ತಿಂಗಳು ನಮ್ಮೂರಲ್ಲಿ ಒಂದು ನೃತ್ಯ ಕಾರ್ಯಕ್ರಮ ನಡೆಯಿತು. ಒಂಬತ್ತು ಹೆಂಗಸರ ತಂಡ. ಬೆಲ್ಟುಗಳನ್ನು ಆನ್‌ಲೈನಲ್ಲಿ ತರಿಸಿದ್ದರು, ಎಲ್ಲವೂ ಫ್ರೀ ಸೈಜ್. ಮೂವರಿಗೆ ಹುಕ್ಕು ಹತ್ತಲಿಲ್ಲ. ನಡೆಸುವವರು ಆ ಮೂವರನ್ನು ಹಿಂದಿನ ಸಾಲಿಗೆ ಕಳಿಸಿ, ಸೊಂಟಕ್ಕೆ ದುಪಟ್ಟಾ ಕಟ್ಟಿಕೊಳ್ಳಿ ಅಂದರಂತೆ. ಸ್ವಲ್ಪ ಮೈ ಇಳಿಸಿಕೊಳ್ಳಿ, ಮುಂದಿನ ಸಲ ನೋಡೋಣ ಅಂತಲೂ ಅಂದರಂತೆ. ಆ ಮೂವರಲ್ಲಿ ಒಬ್ಬರು ನನ್ನ ಹಳೇ ಗಿರಾಕಿ. ಸಾಗರದ ಕಡೆಯವರು, ಇಲ್ಲಿ ಟೀಚರ್ ಆಗಿದ್ದಾರೆ. ಮಾರನೇ ದಿನ ಬೆಲ್ಟನ್ನು ಕವರಿನಲ್ಲಿ ಹಾಕಿಕೊಂಡು ಬಂದು ನನ್ನ ಮೆಶಿನ್ ಪಕ್ಕ ಇಟ್ಟರು. "ಅಕ್ಕಾ, ಇದಕ್ಕೊಂದು ತುಂಡು ಜೋಡಿಸಿ ಕೊಡ್ತೀರಾ? ನಂದೇ ತಪ್ಪು, ದಪ್ಪ ಆಗ್ಬಿಟ್ಟಿದೀನಿ" ಅಂದರು.

ನನಗೆ ಹೊಟ್ಟೆ ಉರಿದುಹೋಯಿತು. ಅವರ ಎದುರಿಗೇ ಆ ಬೆಲ್ಟನ್ನು ಟೇಬಲ್ ಮೇಲೆ ಹಾಸಿ ಟೇಪ್ ಹಿಡಿದೆ. ಮೇಲಿನ ಅಂಚು 36 ಇಂಚು. ಕೆಳಗಿನ ಅಂಚೂ 36 ಇಂಚು. ಸ್ಕೇಲ್ ಥರ ನೆಟ್ಟಗಿದೆ. ಇಂಥ ಪಟ್ಟಿ ಕಂಬಕ್ಕೆ ಸುತ್ತಿದರೆ ಕೂರುತ್ತದೆ, ಹೆಣ್ಣುಮಕ್ಕಳ ಸೊಂಟಕ್ಕೆ ಹೇಗೆ ಕೂತೀತು?

ಆಮೇಲೆ ಅವರ ಅಳತೆ ತೆಗೆದೆ. ಈ ಬೆಲ್ಟ್ ಕೂರುವುದು ನಡುವಿನಲ್ಲಲ್ಲ. ಹೊಕ್ಕಳಿಂದ ಮೂರು ಬೆರಳು ಕೆಳಗೆ, ಸೊಂಟದ ಮೂಳೆಯ ಮೇಲೆ. ಮೇಲಿನ ಅಂಚು ಬರುವ ಕಡೆ ಅವರಿಗೆ 39 ಇಂಚು. ಅಲ್ಲಿಂದ ನಾಲ್ಕೂವರೆ ಇಂಚು ಕೆಳಗೆ 44. ಐದು ಇಂಚಿನ ವ್ಯತ್ಯಾಸ. ಅವರು ಕೇಳಿದ ಹಾಗೆ ತುಂಡು ಜೋಡಿಸಿದರೆ ಹುಕ್ಕೇನೋ ಹತ್ತುತ್ತದೆ. ಆದರೆ ಕೆಳಗೆ ಬಿಗಿ, ಮೇಲೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೇಲೆ ಹತ್ತಿ ನಡುವಿಗೆ ಬಂದು ಕೂರುತ್ತದೆ. ನೆಟ್ಟಗಿರುವ ಪಟ್ಟಿ ಸಣ್ಣ ಜಾಗ ಹುಡುಕಿಕೊಂಡೇ ಹೋಗುತ್ತದೆ.

ಇದನ್ನು ನಾನು ಕಲಿತಿದ್ದು ಬಟ್ಟೆ ಕೆಡಿಸಿಯೇ. ಮೊದಲನೇ ಬೆಲ್ಟನ್ನು ಭರತನಾಟ್ಯದ ಸೊಂಟಪಟ್ಟಿ ಕತ್ತರಿಸಿದ ಹಾಗೆ ನೆಟ್ಟಗೆ ಕತ್ತರಿಸಿ, ಹನ್ನೊಂದು ದಿನ ಕೂತು ಮಣಿ ಹೊಲಿದಿದ್ದೆ. ಟ್ರಯಲ್ ದಿನ ಆ ಹುಡುಗಿ ಒಂದು ಸಲ ಸೊಂಟ ತಿರುಗಿಸಿದಳು, ಬೆಲ್ಟು ಹೊಕ್ಕಳ ಮೇಲೆ ಬಂತು. ಅಷ್ಟೂ ಮಣಿ ಬಿಚ್ಚಿದೆ. ಆ ಹುಡುಗಿಯ ಮೈಯನ್ನು ದೂರಬೇಕು ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಕತ್ತರಿ ನನ್ನ ಕೈಲಿತ್ತು.

ಹಾಗಾಗಿ ಈಗ ಮೊದಲು ಕಾಗದ. ನಿಮ್ಮ ಪತ್ರಿಕೆಯ ಹಾಳೆಯನ್ನೇ ಆರು ಇಂಚು ಅಗಲಕ್ಕೆ ಕತ್ತರಿಸಿ ಸೊಂಟಕ್ಕೆ ಸುತ್ತುತ್ತೇನೆ. ಎಲ್ಲಿ ಮೇಲಂಚು ಮೈ ಬಿಟ್ಟು ನಿಲ್ಲುತ್ತದೋ ಅಲ್ಲಿ ಚಿವುಟಿ ಪಿನ್ ಹಾಕುತ್ತೇನೆ. ಟೀಚರಿಗೆ ಹಿಂದುಗಡೆಯೇ ಮೂರು ಇಂಚು ಚಿವುಟಬೇಕಾಯಿತು, ಮುಕ್ಕಾಲು ಇಂಚಿನ ನಾಲ್ಕು ಡಾಟ್ (ಹೀಗೆ ಚಿವುಟಿದ ಮಡಿಕೆಗೆ ನಾವು ಡಾಟ್ ಅನ್ನುತ್ತೇವೆ). ಎರಡು ಪಕ್ಕದ ಜೋಡಣೆಯಲ್ಲಿ ಅರ್ಧರ್ಧ ಇಂಚು, ಮುಂದೆ ಅರ್ಧ ಇಂಚಿನ ಎರಡು ಡಾಟ್. ಅಲ್ಲಿಗೆ ಐದು ಇಂಚು ಸರಿಹೋಯಿತು. ಆ ಕಾಗದವನ್ನು ಪಿನ್ ಸಮೇತ ಸೊಂಟದಿಂದ ತೆಗೆದು ಟೇಬಲ್ ಮೇಲೆ ಹಾಸಿದರೆ ಬಾಳೆಹಣ್ಣಿನ ಥರ ಬಾಗಿರುತ್ತದೆ. ಎಡ ಬಲ ಒಂದೇ ಥರ ಇರುವುದಿಲ್ಲ, ಯಾರಿಗೂ ಇರುವುದಿಲ್ಲ. ಮಡಿಚಿ ಅರ್ಧ ಕತ್ತರಿಸಬಾರದು.

ಒಳಗೆ ಎರಡು ಪದರ ಗಟ್ಟಿ ಕ್ಯಾನ್ವಾಸ್. ಗಂಜಿ ಹಾಕಿ ಗಟ್ಟಿ ಮಾಡಿದ ಅಗ್ಗದ ಬಕ್ರಂ ಬಟ್ಟೆ ಬೇಡ. ನಮ್ಮ ಮಳೆಗಾಲದ ತೇವ, ಮೇಲೆ ಕುಣಿಯುವವರ ಬೆವರು, ಎರಡೂ ಸೇರಿದರೆ ಅದು ಮೆತ್ತಗಾಗಿ ಬಿಡುತ್ತದೆ. ಕ್ಯಾನ್ವಾಸಿನಲ್ಲಿ ಡಾಟನ್ನು ಬ್ಲೌಸಿನ ಹಾಗೆ ಮಡಿಚಿ ಹೊಲಿದರೆ ಗಂಟು ಗಂಟಾಗಿ ಮೈಗೆ ಒತ್ತುತ್ತದೆ. ಅಷ್ಟನ್ನು ಕತ್ತರಿಸಿ ತೆಗೆದು, ಎರಡು ಅಂಚು ಮುಟ್ಟಿಸಿ, ಮೇಲೆ ಜಿಗ್‌ಜಾಗ್ ಓಡಿಸಬೇಕು. ಒಂದು ಪದರದ ಡಾಟ್ ಇದ್ದ ಜಾಗದಲ್ಲೇ ಇನ್ನೊಂದರದ್ದು ಬರಬಾರದು, ಸ್ವಲ್ಪ ಆಚೆ ಈಚೆ ಹಾಕಬೇಕು. ಆಗ ಬಾಗು ನಿಲ್ಲುತ್ತದೆ. ಮಣಿ ಕೆಲಸ ಮುಗಿದ ಮೇಲೆ ಕೊನೆಗೆ ಒಳಗೆ ತೆಳು ಹತ್ತಿ ಬಟ್ಟೆಯ ಲೈನಿಂಗ್. ಮೊದಲೇ ಹಾಕಿದರೆ ದಾರದ ಗಂಟೆಲ್ಲ ಮೈಗೆ ಚುಚ್ಚುತ್ತದೆ.

ಹುಕ್ಕಿನ ವಿಷಯ ಮಾತ್ರ ಬಿಡಿಸಿ ಹೇಳಲೇಬೇಕು. ತಿಂಗಳ ದಿನಗಳು ಹತ್ತಿರ ಬಂದಾಗ ಎಷ್ಟೋ ಹೆಂಗಸರ ಹೊಟ್ಟೆ, ಸೊಂಟ ಉಬ್ಬುತ್ತದೆ. ಕಾರ್ಯಕ್ರಮದ ತಾರೀಕು ಅದನ್ನು ಕೇಳಿಕೊಂಡು ಬರುವುದಿಲ್ಲ ಅಲ್ವಾ? ಅದಕ್ಕೆ ಎರಡೂ ಪಕ್ಕದಲ್ಲಿ ಎರಡು ಇಂಚು ಪಟ್ಟಿಯ ಮೇಲೆ ಪಟ್ಟಿ ಬರುವ ಹಾಗೆ ಬಟ್ಟೆ ಬಿಟ್ಟು, ಗಟ್ಟಿ ಪ್ಯಾಂಟ್ ಹುಕ್ ಹಾಕುತ್ತೇನೆ. ಹುಕ್ಕು ಸಿಕ್ಕಿಸುವ ಕಂಬಿಯನ್ನು ಅರ್ಧ ಇಂಚು ಬಿಟ್ಟು ಮೂರು ಸಾಲು ಹೊಲಿಯುತ್ತೇನೆ. ಎರಡೂ ಕಡೆ ಸೇರಿ ಎರಡು ಇಂಚು ಸಡಿಲ ಸಿಗುತ್ತದೆ. ಹುಕ್ಕು ತುಕ್ಕು ಹಿಡಿಯದ್ದೇ ಆಗಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ. ಅಲ್ಲಿ ಮಳೆಗಾಲದಲ್ಲಿ ಬೀರುವಿನೊಳಗಿನ ಸೀರೆಗೇ ಬೂಸು ಬರುತ್ತದೆ.

ಮಣಿಯ ಕುಚ್ಚು ಭಾರ. ಭಾರವೆಲ್ಲ ಕೆಳ ಅಂಚಿಗೆ ಬಿದ್ದು ಬೆಲ್ಟು ಮಗುಚುತ್ತದೆ ಅಂತ ದಪ್ಪ ಇರುವವರಿಗೆ ಕುಚ್ಚೇ ಬೇಡ ಅನ್ನುವ ದರ್ಜಿಗಳಿದ್ದಾರೆ. ಬೆಲ್ಟು ಬಾಗಿ ಮೈಗೆ ಕೂತಿದ್ದರೆ ಮಗುಚುವುದಿಲ್ಲ. ತುಂಬಿದ ಸೊಂಟದ ಮೇಲೆ ಕುಚ್ಚು ಆಡುವ ಅಂದವೇ ಬೇರೆ. ನಾನು ಕಣ್ಣಾರೆ ನೋಡಿದ್ದೇನೆ.

ಈ ಕುಣಿತ ಈಜಿಪ್ಟಿನದು. ಅಲ್ಲಿ ಇದಕ್ಕೆ ರಕ್ಸ್ ಶರ್ಕಿ ಅನ್ನುತ್ತಾರೆ. 1926ರಲ್ಲಿ ಬದಿಯಾ ಮಸಾಬ್ನಿ ಎಂಬ ಹೆಂಗಸು ಕೈರೋದಲ್ಲಿ ರಂಗಮಂದಿರ ತೆರೆದು ಇದನ್ನು ದೊಡ್ಡ ವೇದಿಕೆಗೆ ತಂದರು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಎಂಬ ನರ್ತಕಿಯರು ಅಲ್ಲಿಂದಲೇ ಹೆಸರಾದವರು. ಟೀಚರ್ ತಮ್ಮ ಫೋನಿನಲ್ಲಿ ಇವರ ಕುಣಿತ ತೋರಿಸಿದಾಗ ನನ್ನ ಕಣ್ಣು ಹೋಗಿದ್ದು ಬಟ್ಟೆಯ ಮೇಲೆ. ಕುಣಿತದ ಕೆಲಸವೆಲ್ಲ ಸೊಂಟದ್ದು. ಸೊಂಟ ಇರುವವರನ್ನೇ ಹಿಂದೆ ನಿಲ್ಲಿಸಿದರೆ ಏನು ಉಳಿಯಿತು?

ನಮ್ಮ ಮದುವೆಗಳಲ್ಲಿ ಹೆಣ್ಣಿಗೆ ಡಾಬು ಹಾಕುವಾಗ ಹಿಂದಿನ ಸರಪಳಿ ಸಡಿಲ ಮಾಡಿ ಕೂರಿಸುತ್ತೇವೆ. ಡಾಬು ಆಗಲಿಲ್ಲ ಅಂತ ಮಂಟಪದಿಂದ ಯಾರನ್ನೂ ಇಳಿಸುವುದಿಲ್ಲ. ಕಾರ್ಯಕ್ರಮ ಮಾಡಿಸುವವರು ಇಷ್ಟು ಮಾಡಲಿ. ಮೂರು ವಾರ ಮೊದಲು ಒಬ್ಬೊಬ್ಬರನ್ನೂ ದರ್ಜಿ ಹತ್ತಿರ ಕಳಿಸಲಿ. ಅರ್ಧ ಮೀಟರ್ ಕ್ಯಾನ್ವಾಸ್ ಯಾರಿಗೂ ಹೊರೆಯಲ್ಲ. ಹೊಲಿಗೆ ಕ್ಲಾಸ್ ನಡೆಸುವವರಲ್ಲೂ ಒಂದು ಕೋರಿಕೆ. ಸೊಂಟದ ಅಳತೆ ಅಂತ ಒಂದೇ ಒಂದು ಅಂಕಿ ಬರೆಸುತ್ತೀರಿ. ಮೇಲಂಚಿಗೆ ಒಂದು, ಕೆಳ ಅಂಚಿಗೆ ಒಂದು, ಎರಡು ಬರೆಸಿ. ಲಂಗ, ಪ್ಯಾಂಟು ಹೊಲಿಯುವಾಗಲೂ ಅದು ಬೇಕಾಗುತ್ತದೆ.

ಟೀಚರ್ ಬೆಲ್ಟು ಮೊನ್ನೆ ಗುರುವಾರ ಮುಗಿಯಿತು. ಕಡುಗೆಂಪು ವೆಲ್ವೆಟ್, ಚಿನ್ನದ ಬಣ್ಣದ ಮಣಿ. ಅಂಗಡಿಯ ಕನ್ನಡಿ ಮುಂದೆ ಹಾಕಿಕೊಂಡು ಸುಮ್ನೆ ಒಂದು ಸಲ ಸೊಂಟ ನಡುಗಿಸಿದರು. ಕುಚ್ಚು ಮಳೆ ಹನಿಯ ಹಾಗೆ ಸದ್ದು ಮಾಡಿತು. ಬೆಲ್ಟು ಒಂದು ನೂಲಿನಷ್ಟೂ ಅಲುಗಲಿಲ್ಲ. ಅವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಬಹಳ ಹೊತ್ತು ನಿಂತಿದ್ದರು.

ಇನ್ನಿಬ್ಬರ ಬೆಲ್ಟುಗಳಿಗೂ ಅಳತೆ ತೆಗೆದಾಗಿದೆ. ಈ ಕಟಿಂಗ್ ಕಲಿಯಬೇಕು ಅನ್ನುವ ದರ್ಜಿಗಳು, ಹೊಲಿಗೆ ಕಲಿಯುವ ಹುಡುಗಿಯರು ಯಾರೇ ಇದ್ದರೂ ಭಾನುವಾರ ಬೆಳಗ್ಗೆ ಬನ್ನಿ, ಕಾಗದ ಕತ್ತರಿಸಿ ತೋರಿಸುತ್ತೇನೆ. ದುಡ್ಡು ಬೇಡ. ಟೇಪು, ಕತ್ತರಿ ತನ್ನಿ. ಹಳೇ ಪೇಪರ್ ನನ್ನ ಹತ್ತಿರ ಬೇಕಾದಷ್ಟಿದೆ.

ಇತಿ,
ಒಬ್ಬ ಹೊಲಿಗೆಯವಳು
ದುರ್ಗಿಗುಡಿ, ಶಿವಮೊಗ್ಗ