ಸವೆಯದ ಹಳಿ ಬೇಡ, ಪುಟ್ಟಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪಿಎಚ್‌.ಡಿ. ಪ್ರಸ್ತಾವನೆ ಓದಿದೆ. ಗಣಿತ ಅಚ್ಚುಕಟ್ಟಾಗಿದೆ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಮೊದಲ ಸಾಲಿನ ಮೇಲೆ. ರೈಲು ಹಳಿಯ ಸವೆತವನ್ನು ಶೂನ್ಯದ ಹತ್ತಿರ ತರುವುದೇ ಗುರಿ ಎಂದು ಬರೆದಿದ್ದೀಯ. ಆ ಗುರಿ ಬಿಡು ಅನ್ನುವುದಕ್ಕೇ ಈ ಕಾಗದ.

ಸವೆತ ಲೆಕ್ಕ ಹಾಕಲು ಆರ್ಚರ್ಡ್ ಎಂಬ ವಿಜ್ಞಾನಿ 1953ರಲ್ಲಿ ಕೊಟ್ಟ ಸೂತ್ರ ನಿನ್ನ ಕಣ್ಣು ಕಟ್ಟಿದೆ ಅನ್ನಿಸುತ್ತದೆ. ಭಾರ ಮತ್ತು ಜಾರಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು, ಲೋಹ ಗಡುಸಾದಷ್ಟೂ ಕಡಿಮೆ. ಅದನ್ನು ನೋಡಿದವರೆಲ್ಲ ಗಡಸು ಉಕ್ಕಿನ ಬೆನ್ನು ಹತ್ತುತ್ತಾರೆ. ಆದರೆ ಹಳಿಯ ಮೇಲೆ ನಡೆಯುವುದು ಸವೆತವೊಂದೇ ಅಲ್ಲವಲ್ಲ.

ಚಕ್ರ ಹಳಿಯನ್ನು ಮುಟ್ಟುವ ಜಾಗ ಹೆಬ್ಬೆರಳಿನ ಉಗುರಿನಷ್ಟು. ಹಲವು ಟನ್ ಭಾರ ಅಷ್ಟರ ಮೇಲೆ ಕೂತಾಗ ಒತ್ತಡ 1,000 ಮೆಗಾಪಾಸ್ಕಲ್ ಮುಟ್ಟುವುದು ಮಾಮೂಲು. ಉರುಳುವಾಗ ಚಕ್ರ ಚೂರು ಜಾರುತ್ತಲೂ ಇರುತ್ತದೆ; ಆ ಜಾರಿಕೆ ಇಲ್ಲದಿದ್ದರೆ ಎಳೆತವೂ ಇಲ್ಲ, ಬ್ರೇಕೂ ಇಲ್ಲ. ಹೀಗೆ ಒತ್ತಿ ಎಳೆದು, ಒತ್ತಿ ಎಳೆದು, ಮೇಲ್ಪದರದ ಉಕ್ಕು ಒಂದೇ ದಿಕ್ಕಿಗೆ ಸರಿಯುತ್ತಾ ಹೋಗಿ ಕೊನೆಗೆ ಕೂದಲೆಳೆಯ ಬಿರುಕು ಬಿಡುತ್ತದೆ. ಸವೆತ ತಕ್ಕಷ್ಟಿದ್ದರೆ ಆ ಬಿರುಕು ಬೆಳೆಯುವ ಮೊದಲೇ ತೇದು ಹೋಗುತ್ತದೆ. ಇಲ್ಲದಿದ್ದರೆ ಒಳಕ್ಕಿಳಿಯುತ್ತದೆ. ಮಳೆನೀರು ಹೊಕ್ಕರಂತೂ ಮುಗಿಯಿತು: ಚಕ್ರ ಮೇಲಿಂದ ಬಿರುಕಿನ ಬಾಯಿ ಮುಚ್ಚಿ ಒತ್ತಿದಾಗ ಒಳಗೆ ಸಿಕ್ಕಿಬಿದ್ದ ನೀರೇ ಅದನ್ನು ಸೀಳುತ್ತದೆ.

ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ 2000ದ ಅಕ್ಟೋಬರ್ 17ರಂದು ತಿರುವಿನ ಹಳಿ ನೂರಾರು ಚೂರಾಗಿ ರೈಲು ಹಳಿ ತಪ್ಪಿತು, ನಾಲ್ವರು ಸತ್ತರು. ಆ ಹಳಿ ಸವೆದು ತೆಳ್ಳಗಾಗಿರಲಿಲ್ಲ. ಅದರ ತಲೆಯ ಅಂಚಿನಲ್ಲಿ ಇಂಥದೇ ಬಿರುಕುಗಳು ತುಂಬಿದ್ದವು. ಬಿರುಕು ಇರುವುದು ಮೊದಲೇ ಗೊತ್ತಿತ್ತು, ಹಳಿ ಬದಲಿಸುವುದು ತಡವಾಯಿತು. ಈಗ ದೊಡ್ಡ ರೈಲ್ವೆಗಳು ದುಡ್ಡು ಸುರಿದು, ಯಂತ್ರ ಓಡಿಸಿ, ಹಳಿಯ ಮೇಲ್ಮೈಯನ್ನು ತಾವೇ ತೇಯುತ್ತವೆ. ನೀನು ಶೂನ್ಯಕ್ಕೆ ತರಬೇಕೆಂದಿರುವುದನ್ನು ಅವರು ಕಾಸು ಕೊಟ್ಟು ಮಾಡಿಸುತ್ತಿದ್ದಾರೆ, ನೋಡು.

ಗಡಸು ಉಕ್ಕು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಿಗಿ ತಿರುವಿನಲ್ಲಿ ಅದೇ ಸರಿಯಾಗಬಹುದು. ಬಿರುಕು ಹುಟ್ಟುವುದನ್ನೂ ಅದು ಮುಂದೂಡಬಲ್ಲದು. ಯಾವ ತಿರುವು, ಎಷ್ಟು ಭಾರ, ಎಲ್ಲಿ ಗ್ರೀಸ್ ಹಚ್ಚಬೇಕು ಎಂದು ಕೇಳದೆ ಮುಂದೆ ಹೋಗಬೇಡ ಅಷ್ಟೆ.

ಘರ್ಷಣೆಯದೂ ಇದೇ ಪಾಡು. ಒಣ ಹಳಿಯ ಮೇಲೆ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.4ರ ಆಸುಪಾಸು ಇದ್ದರೆ, ಎಲೆ ಅರೆದು ಮೆತ್ತಿದ ಹಳಿಯಲ್ಲಿ 0.1ಕ್ಕಿಂತ ಕೆಳಗಿಳಿದು ಬ್ರೇಕು ಹಿಡಿಯುವುದಿಲ್ಲ. ಜೋರು ಮಳೆಗಿಂತ ತುಂತುರೇ ಹೆಚ್ಚು ಅಪಾಯ, ಏಕೆಂದರೆ ಜೋರು ಮಳೆ ಹಳಿ ತೊಳೆಯುತ್ತದೆ. ಮರಳು ಉದುರಿಸಿದರೆ ಹಿಡಿತ ಬರುತ್ತದೆ ನಿಜ. ಅತಿಯಾದರೆ ಚಕ್ರಕ್ಕೂ ಹಳಿಗೂ ನಡುವೆ ವಿದ್ಯುತ್ ಹರಿಯದೆ, ಅಲ್ಲೊಂದು ರೈಲಿದೆ ಎಂಬುದೇ ಸಿಗ್ನಲ್‌ಗೆ ತಿಳಿಯದೆ ಹೋದೀತು. ಲ್ಯಾಬಿನಲ್ಲಿ ಚಕ್ರ-ಹಳಿಯ ಬದಲಿಗೆ ಒಂದಕ್ಕೊಂದು ಒತ್ತಿ ಉರುಳಿಸುವ, ಅಸಿಟೋನಿನಲ್ಲಿ ತೊಳೆದ ಉಕ್ಕಿನ ಡಿಸ್ಕುಗಳು ಇದ್ಯಾವುದನ್ನೂ ಹೇಳುವುದಿಲ್ಲ. ಹಳಿ ನೋಡಿಕೊಳ್ಳುವವರ ಜೊತೆ ನಾಲ್ಕು ದಿನ ನಡೆದು ಬಾ. ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ, ಯಾವ ಮೂಲೆಯಲ್ಲಿ ಜಾರುತ್ತದೆಂದು ಅವರನ್ನೇ ಕೇಳು. ಹೆಚ್ಚು ಮಾತಾಡದೆ ಬರೆದುಕೋ, ನಿನಗೆ ಮಾತು ಜಾಸ್ತಿ.

ಪರೀಕ್ಷೆ ಮುಗಿದ ಮೇಲೆ ಡಿಸ್ಕು ತೂಗಿ ಕಪಾಟಿಗೆ ಸೇರಿಸಬೇಡ. ಕೊಯ್ದು, ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಬಿರುಕು ಎಷ್ಟು ಆಳಕ್ಕಿದೆ, ಯಾವ ಕೋನದಲ್ಲಿದೆ ಅಳೆ. ಬೇಸರದ ಕೆಲಸ, ಆದರೂ ಮಾಡು. ಮುಂದಿನ ಕರಡಿನಲ್ಲಿ ಸವೆತದ ನಕ್ಷೆಯ ಪಕ್ಕಕ್ಕೇ ಬಿರುಕಿನ ಆಳದ ನಕ್ಷೆಯೂ ಇರಲಿ. ನಿನ್ನ ಗೈಡ್ ಒಪ್ಪದಿದ್ದರೆ ಏನೆಂದರು ಎಂದು ಬರೆದು ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ