ಇರ್ಕುತ್ಸ್ಕ್‌ನಲ್ಲಿ ತಪ್ಪಿದ ರೈಲು: ನೀವು ಕೂಡಿಸಿದ ಐದು ಗಂಟೆಯ ಬಗ್ಗೆ ದೂರು

ದಿನಾಂಕ: 29 ಜುಲೈ 2019

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮಾಸ್ಕೋ–ಉಲಾನ್‌ಬಾತರ್–ಬೀಜಿಂಗ್ ರೈಲು ಪ್ರವಾಸದ ಪಟ್ಟಿಯಲ್ಲಿ ತಪ್ಪು ಸಮಯ ಕೊಟ್ಟದ್ದು, ಅದರಿಂದ ಆದ ನಷ್ಟ

ಮಾನ್ಯರೇ,

ಈ ತಿಂಗಳು ನಾನು ಮತ್ತು ನನ್ನ ಅಕ್ಕ ನಿಮ್ಮ ಸಂಸ್ಥೆಯ ಮೂಲಕ ಮಾಸ್ಕೋದಿಂದ ಬೀಜಿಂಗ್‌ಗೆ ರೈಲಿನಲ್ಲಿ ಹೋಗಿಬಂದೆವು. ದಾರಿಯಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್, ಇರ್ಕುತ್ಸ್ಕ್, ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ಗಳಲ್ಲಿ ಇಳಿದು, ಒಂದೆರಡು ದಿನ ಇದ್ದು, ಮತ್ತೆ ಹತ್ತುವ ಏರ್ಪಾಡು. ಜುಲೈ 9ರಂದು ಇರ್ಕುತ್ಸ್ಕ್‌ನಲ್ಲಿ ನಮ್ಮ ರೈಲು ತಪ್ಪಿತು. ಊರಿಗೆ ಬಂದು ಹಣ ಕೇಳಿದಾಗ "ಪ್ರಯಾಣಿಕರು ನಿಲ್ದಾಣಕ್ಕೆ ತಡವಾಗಿ ಬಂದರು, ಸಂಸ್ಥೆ ಜವಾಬ್ದಾರಿಯಲ್ಲ" ಎಂದು ಎರಡು ಸಾಲಿನ ಉತ್ತರ ಕೊಟ್ಟಿದ್ದೀರಿ. ಆ ಎರಡು ಸಾಲಿಗೆ ಉತ್ತರವಾಗಿ ಈ ಪತ್ರ.

ಮೊದಲು ತಪ್ಪು ಏನು ಅಂತ ಹೇಳಿಬಿಡುತ್ತೇನೆ. ರಷ್ಯಾದ ರೈಲ್ವೆ ತುಂಬಾ ವರ್ಷ ಇಡೀ ದೇಶಕ್ಕೆ ಮಾಸ್ಕೋ ಗಡಿಯಾರವನ್ನೇ ಇಟ್ಟುಕೊಂಡಿತ್ತು. ಮಾಸ್ಕೋದಿಂದ ವ್ಲಾದಿವಸ್ತೋಕ್‌ವರೆಗೆ 9,288 ಕಿ.ಮೀ., ಎರಡೂ ಊರಿನ ನಡುವೆ 7 ಗಂಟೆ ವ್ಯತ್ಯಾಸ. ಒಂದೇ ಗಡಿಯಾರ ಇದ್ದರೆ ರೈಲು ಓಡಿಸುವವರಿಗೆ ಸುಲಭ. ಹತ್ತುವವರು ಮಾತ್ರ ಟಿಕೆಟ್ ನೋಡಿ ಕೂಡಿಸುವ ಲೆಕ್ಕ ಮಾಡಬೇಕಿತ್ತು. ಈ ಪದ್ಧತಿ 2018ರ ಆಗಸ್ಟ್ 1ಕ್ಕೆ ಮುಗಿಯಿತು. ಅಂದಿನಿಂದ ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ನಾವು ಹೊರಟದ್ದು 2019ರ ಜುಲೈನಲ್ಲಿ. ಅಂದರೆ ನಿಮಗೆ ಗೊತ್ತುಮಾಡಿಕೊಳ್ಳಲು ಹನ್ನೊಂದು ತಿಂಗಳು ಇತ್ತು.

ನೀವು ಕೊಟ್ಟ ಪಟ್ಟಿಯಲ್ಲಿ ಹಳೆಯ ಲೆಕ್ಕವೇ ಇದೆ. ಟಿಕೆಟ್‌ನಲ್ಲಿದ್ದ ಸಮಯಕ್ಕೆ ಯೆಕಟೆರಿನ್‌ಬರ್ಗ್‌ನಲ್ಲಿ ಎರಡು ಗಂಟೆ, ಇರ್ಕುತ್ಸ್ಕ್‌ನಲ್ಲಿ ಐದು ಗಂಟೆ ಸೇರಿಸಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದೀರಿ.

ಯೆಕಟೆರಿನ್‌ಬರ್ಗ್‌ನಲ್ಲಿ ನಾವು ಬಚಾವಾದದ್ದು ಅಕ್ಕನಿಂದ. ಅವಳಿಗೆ ಯಾವ ರೈಲಿಗೂ ಎರಡು ಗಂಟೆ ಮುಂಚೆ ಹೋಗಿ ಕೂತರೇ ಸಮಾಧಾನ. ಜುಲೈ 5ರಂದು ಪಟ್ಟಿಯ ಪ್ರಕಾರ ರೈಲು ಮಧ್ಯಾಹ್ನ 12.20ಕ್ಕೆ. ನಾವು 9.50ಕ್ಕೇ ನಿಲ್ದಾಣದಲ್ಲಿದ್ದೆವು. ಬೋರ್ಡ್ ನೋಡಿದರೆ ನಮ್ಮ ರೈಲು 10.20ಕ್ಕೆ! ಸೂಟ್‌ಕೇಸ್ ಎಳೆದುಕೊಂಡು ಓಡಿದೆವು. ಮಂಡಿನೋವಿನ ಅಕ್ಕ ಮೆಟ್ಟಿಲು ಹತ್ತಿ ಇಳಿದದ್ದು ಹೇಗೆ ಅಂತ ಅವಳಿಗೇ ಗೊತ್ತಿಲ್ಲ. ಡಬ್ಬಿಯ ಬಾಗಿಲಲ್ಲಿ ನಿಂತಿದ್ದ ಮಹಿಳೆ (ಅಲ್ಲಿ ಅವರನ್ನು ಪ್ರೊವೊದ್ನಿತ್ಸಾ ಅನ್ನುತ್ತಾರೆ) ನಮ್ಮ ಟಿಕೆಟ್ ನೋಡಿ, ಸ್ಥಳೀಯ ಸಮಯ ಎಂದು ಅಚ್ಚಾಗಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನಮಗೆ ರಷ್ಯನ್ ಬರುವುದಿಲ್ಲ. ಫೋನಿನಲ್ಲಿ ಅನುವಾದ ಮಾಡಿಕೊಂಡ ಮೇಲೆ ಅರ್ಥವಾಯಿತು.

ಈಗ ನೀವು ಗಮನವಿಟ್ಟು ಓದಬೇಕಾದ ಭಾಗ. ಅದೇ ಸಂಜೆ ನಿಮ್ಮ ಪ್ರತಿನಿಧಿಗೆ ವಾಟ್ಸಾಪ್‌ನಲ್ಲಿ ಇದನ್ನೆಲ್ಲ ಬರೆದೆ. ಇರ್ಕುತ್ಸ್ಕ್ ಟಿಕೆಟ್‌ನ ಫೋಟೋ ಕಳಿಸಿ, "ಇದರಲ್ಲಿ 8.08 ಇದೆ, ನಿಮ್ಮ ಪಟ್ಟಿಯಲ್ಲಿ 13.08 ಇದೆ, ಯಾವುದು ಸರಿ?" ಎಂದು ಕೇಳಿದೆ. ಬಂದ ಉತ್ತರ ಇದು: "ಟಿಕೆಟ್‌ನಲ್ಲಿ ಇರೋದು ಮಾಸ್ಕೋ ಟೈಮ್. ಐದು ಗಂಟೆ ಸೇರಿಸಿಕೊಳ್ಳಿ. ಇವತ್ತು ಏನೋ ಬದಲಾವಣೆ ಆಗಿರಬೇಕು. ಪಟ್ಟಿ ಸರಿ ಇದೆ, ಟೆನ್ಷನ್ ಬೇಡ." ಅನುಮಾನ ಹೋಗದೆ ಜುಲೈ 8ಕ್ಕೆ ಮತ್ತೊಮ್ಮೆ ಕೇಳಿದೆ. ಹೆಬ್ಬೆರಳಿನ ಚಿತ್ರ ಒಂದು ಬಂತು, ಅಷ್ಟೇ. ಎರಡರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ನಿಲ್ದಾಣಕ್ಕೇ ಹೋಗಿ ಕೇಳಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಹೌದು, ಕೇಳಬೇಕಿತ್ತು. ಅಷ್ಟು ತಪ್ಪು ನನ್ನದೂ ಇದೆ. ಆದರೆ ಭಾಷೆ ಬಾರದ ಊರಿನಲ್ಲಿ ಕೌಂಟರ್ ಮುಂದೆ ಕೈಸನ್ನೆ ಮಾಡುತ್ತಾ ನಿಲ್ಲಬಾರದು ಎಂದೇ ನಿಮಗೆ ಸೇವಾ ಶುಲ್ಕ ಕೊಟ್ಟದ್ದು, ಅಲ್ವಾ?

ಜುಲೈ 9ರಂದು ಹನ್ನೊಂದು ಗಂಟೆಗೆ ಇರ್ಕುತ್ಸ್ಕ್ ನಿಲ್ದಾಣಕ್ಕೆ ಹೋದೆವು. ರೈಲು ಹೋಗಿ ಮೂರು ಗಂಟೆಯಾಗಿತ್ತು.

ಮಂಗೋಲಿಯಾದ ನಾದಾಮ್ ಹಬ್ಬದ ಸಮಯ. ಉಲಾನ್‌ಬಾತರ್ ಕಡೆಗೆ ಜುಲೈ 12ರವರೆಗೆ ಯಾವ ರೈಲಿನಲ್ಲೂ ನಮಗೆ ಸೀಟು ಸಿಗಲಿಲ್ಲ. ನಮ್ಮ ರಷ್ಯಾ ವೀಸಾ ಜುಲೈ 11ಕ್ಕೆ ಮುಗಿಯುತ್ತಿತ್ತು. ನಿಮ್ಮ ತುರ್ತು ನಂಬರಿಗೆ ಒಂಬತ್ತು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಹೋಟೆಲ್‌ನ ಹುಡುಗಿ. ರಾತ್ರಿ ರೈಲಿನಲ್ಲಿ ಉಲಾನ್ ಉದೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕ್ಯಾಖ್ತಾ ಬಳಿ ಮಂಗೋಲಿಯಾ ಗಡಿ ದಾಟುವುದು. ಸಿಕ್ಕಿದ್ದು ಪ್ಲಾತ್ಸ್‌ಕಾರ್ತ್, ಅಂದರೆ ಬಾಗಿಲಿಲ್ಲದ, 54 ಬರ್ತ್‌ಗಳ ಡಬ್ಬಿ. ಅದರಲ್ಲೂ ಇಬ್ಬರಿಗೂ ಮೇಲಿನ ಬರ್ತ್. ಕೆಳಗಿದ್ದ ಒಬ್ಬ ಅಜ್ಜಿ ಅಕ್ಕನ ಮಂಡಿ ನೋಡಿ ತಮ್ಮ ಕಾಲ ಬಳಿ ಜಾಗ ಮಾಡಿಕೊಟ್ಟರು.

ಆ ಬೆಳಗಿನ ರೈಲು ಬರೀ ಒಂದು ಟಿಕೆಟ್ ಅಲ್ಲ ಅನ್ನುವುದು ನಿಮಗೆ ಗೊತ್ತಾಗಬೇಕು. ಇರ್ಕುತ್ಸ್ಕ್ ಬಿಟ್ಟ ಮೇಲೆ ಸ್ಲ್ಯುದ್ಯಾಂಕಾದಿಂದ ಮುಂದೆ ಸುಮಾರು 200 ಕಿ.ಮೀ. ಹಳಿ ಬೈಕಲ್ ಸರೋವರದ ದಡದಲ್ಲೇ ಸಾಗುತ್ತದೆ. ಪೂರ್ವಕ್ಕೆ ಹೋಗುವಾಗ ನೀರು ಎಡಗಡೆ. 1,642 ಮೀಟರ್ ಆಳ, ಜಗತ್ತಿನಲ್ಲೇ ಅತಿ ಆಳದ ಸರೋವರ. ಅಕ್ಕ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು. ಮೂವತ್ತು ವರ್ಷ ಈ ಸಂಖ್ಯೆಯನ್ನು ಬೋರ್ಡ್ ಮೇಲೆ ಬರೆದಿದ್ದಾಳೆ. ಈ ಪ್ರವಾಸ ಅವಳು ಆರಿಸಿದ್ದೇ ಆ ದಡಕ್ಕಾಗಿ. ಇರ್ಕುತ್ಸ್ಕ್‌ನಿಂದ 70 ಕಿ.ಮೀ. ದೂರದ ಲಿಸ್ತ್‌ವ್ಯಾಂಕಾಗೆ ಹೋಗಿ ಸರೋವರ ನೋಡಿ ಬರುತ್ತೇವೆ ಅಂದಾಗ, "ಸುಮ್ನೆ ಯಾಕೆ ಖರ್ಚು, ರೈಲಿನ ಕಿಟಕಿಯಿಂದಲೇ ಕಾಣುತ್ತೆ" ಎಂದವರೂ ನಿಮ್ಮ ಪ್ರತಿನಿಧಿಯೇ. ನಾವು ಹೋದ ರೈಲು ಹೊರಟದ್ದು ರಾತ್ರಿ 11 ಗಂಟೆಯ ಮೇಲೆ. ಅಕ್ಕ ಗಾಜಿಗೆ ಕೈ ಅಡ್ಡ ಹಿಡಿದು ತುಂಬಾ ಹೊತ್ತು ನೋಡಿದಳು. ಅವಳ ಮುಖವೇ ಅವಳಿಗೆ ಕಂಡಿತು. ಆಮೇಲೆ ಬೆಡ್‌ಶೀಟ್ ಎಳೆದುಕೊಂಡು ಮಲಗಿಬಿಟ್ಟಳು.

ಜುಲೈ 10ರ ಬಸ್ಸು ಭರ್ತಿ. ಒಂದು ದಿನ ಉಲಾನ್ ಉದೆಯಲ್ಲೇ ಉಳಿಯಬೇಕಾಯಿತು. ಅಲ್ಲಿನ ಚೌಕದಲ್ಲಿ 1970ರ ದಶಕದ ಆರಂಭದಿಂದ ಲೆನಿನ್‌ನ ತಲೆ ಮಾತ್ರದ ಒಂದು ದೈತ್ಯ ಪ್ರತಿಮೆ ಇದೆ, 7.7 ಮೀಟರ್ ಎತ್ತರ. ನಿಮ್ಮ ಪಟ್ಟಿಯಲ್ಲಿ ಇಲ್ಲದೆ ನಾವು ನೋಡಿದ್ದು ಅದೊಂದೇ. ಅದಕ್ಕೆ ದುಡ್ಡು ಕೇಳಬೇಡಿ. ಮರುದಿನದ ಬಸ್ಸಿನಲ್ಲಿ, ವೀಸಾದ ಕೊನೆಯ ದಿನ ಗಡಿ ದಾಟಿ, ಸಂಜೆ ಉಲಾನ್‌ಬಾತರ್ ಸೇರಿದೆವು. ನಾದಾಮ್‌ನ ಉದ್ಘಾಟನೆ ಬೆಳಗ್ಗೆಯೇ ಮುಗಿದಿತ್ತು. ಹತ್ತನೇ ತಾರೀಕಿನ ಹೋಟೆಲ್ ಬಾಡಿಗೆಯೂ ಹೋಯಿತು.

ಇನ್ನು ಸಣ್ಣಪುಟ್ಟದ್ದು. "ಒಂದೇ ಟಿಕೆಟ್, ಬೇಕಾದಲ್ಲಿ ಇಳಿಯಿರಿ, ಬೇಕಾದಾಗ ಹತ್ತಿ" ಎಂದು ನಿಮ್ಮ ಕೈಪಿಡಿಯಲ್ಲಿದೆ. ನಮಗೆ ಸಿಕ್ಕಿದ್ದು ಹಾಗಲ್ಲ: ಪ್ರತಿ ತುಂಡಿಗೂ ಬೇರೆ ಟಿಕೆಟ್, ನಿಗದಿಯಾದ ದಿನ, ರೈಲು, ಬರ್ತ್. ಆ ಸಾಲು ತೆಗೆದುಹಾಕಿ. ಹಾಗೇ, ಚೀನಾ ಗಡಿಯ ಎರ್ಲಿಯಾನ್‌ನಲ್ಲಿ "ಆರಾಮವಾಗಿ ಸುತ್ತಾಡಲು ಸಮಯ" ಎಂದಿದೆ. ನಾವು ಡಬ್ಬಿಯೊಳಗೇ ಇದ್ದೆವು, ಶೌಚಾಲಯಕ್ಕೂ ಬೀಗ. ಎರಡು ಹಳಿಗಳ ನಡುವಿನ ಅಂತರ ಮಂಗೋಲಿಯಾದಲ್ಲಿ 1,520 ಮಿ.ಮೀ., ಚೀನಾದಲ್ಲಿ 1,435. ಅದಕ್ಕೆ ಡಬ್ಬಿಗಳನ್ನು ಜನರ ಸಮೇತ ಎತ್ತಿ, ಕೆಳಗಿನ ಚಕ್ರದ ಚೌಕಟ್ಟುಗಳನ್ನೇ ಬದಲಾಯಿಸುತ್ತಾರೆ. ನಾವಿಬ್ಬರೂ ಮಕ್ಕಳ ಹಾಗೆ ಕಿಟಕಿಗೆ ಅಂಟಿಕೊಂಡು ನೋಡಿದೆವು. ಅದರ ಬಗ್ಗೆ ದೂರಿಲ್ಲ. ಆದರೆ ಮುಂದೆ ಹೋಗುವವರಿಗೆ ಗಡಿಗೆ ಮುಂಚೆ ಶೌಚಾಲಯಕ್ಕೆ ಹೋಗಿಬನ್ನಿ ಅಂತ ಒಂದು ಮಾತು ಹೇಳಿ.

ನಾನು ಕೇಳುತ್ತಿರುವುದು ಇಷ್ಟು. ತಪ್ಪಿದ ರೈಲಿನ ಇಬ್ಬರ ಟಿಕೆಟ್ ಹಣ ಪೂರ್ತಿ. ಉಲಾನ್ ಉದೆಯ ರೈಲು, ಬಸ್ಸು, ಅಲ್ಲಿನ ಒಂದು ರಾತ್ರಿಯ ಖರ್ಚು, ಉಲಾನ್‌ಬಾತರ್‌ನಲ್ಲಿ ಹೋದ ಒಂದು ರಾತ್ರಿಯ ಬಾಡಿಗೆ. ಎಲ್ಲಕ್ಕೂ ರಸೀದಿ ಇಟ್ಟಿದ್ದೇನೆ. ಬೈಕಲ್‌ಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಜೊತೆಗೆ, ಪಟ್ಟಿಯಲ್ಲಿ ತಪ್ಪಿತ್ತು, ಪ್ರಯಾಣಿಕರು ತಡಮಾಡಲಿಲ್ಲ ಎಂದು ಬರಹದಲ್ಲಿ ಕೊಡಬೇಕು. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಇವೇ ಕಾಗದಗಳನ್ನು ಗ್ರಾಹಕರ ವೇದಿಕೆಗೆ ಕೊಡುತ್ತೇನೆ.

ಹದಿನೈದು ದಿನ ಕಾಯಲಾಗದ್ದು ಒಂದಿದೆ. ಆಗಸ್ಟ್ ಮೊದಲ ವಾರ ಇದೇ ದಾರಿಯಲ್ಲಿ ಇನ್ನೊಂದು ತಂಡ ಹೊರಡುತ್ತಿದೆ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಅವರ ಪಟ್ಟಿಯಲ್ಲೂ ಇರ್ಕುತ್ಸ್ಕ್ ಮುಂದೆ 13.08 ಎಂದೇ ಇದ್ದರೆ, ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಟಿಕೆಟ್‌ಗಳು, ನೀವು ಕೊಟ್ಟ ಪ್ರಯಾಣದ ಪಟ್ಟಿ, ಜುಲೈ 5 ಮತ್ತು 8ರ ಸಂದೇಶಗಳು, ರಸೀದಿಗಳು