ಬಾವಂಚಿ, ಬಿಸಿಲು ಮತ್ತು ಅಳತೆ

ಮಾನ್ಯರೇ,

ಚರ್ಮರೋಗಗಳಿಗೆ ಬೆಳಕಿನ ಚಿಕಿತ್ಸೆ ಕುರಿತ ಪುರವಣಿಯ ಲೇಖನವು ಅದರ ಇತಿಹಾಸವನ್ನು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಂದ ಆರಂಭಿಸಿದೆ. ಫಿನ್ಸೆನ್ ಅವರ ಸಾಧನೆ ಸಣ್ಣದೇನಲ್ಲ. ಮುಖದ ಚರ್ಮವನ್ನು ಕೊರೆದು ವಿಕಾರಗೊಳಿಸುತ್ತಿದ್ದ ಕ್ಷಯಕ್ಕೆ ಅವರು ಕಾರ್ಬನ್ ಆರ್ಕ್ ದೀಪದ ಬೆಳಕನ್ನು ಮಸೂರಗಳ ಮೂಲಕ ಹಾಯಿಸಿದರು; ರಕ್ತವು ಬೆಳಕನ್ನು ತಡೆಯುತ್ತದೆಂಬ ಕಾರಣಕ್ಕೆ, ಒಳಗೆ ತಣ್ಣೀರು ಹರಿಯುವ ಸ್ಫಟಿಕದ ಬಿಲ್ಲೆಯೊಂದನ್ನು ದಾದಿಯು ರೋಗಿಯ ಕೆನ್ನೆಗೆ ಒತ್ತಿ ಹಿಡಿದೇ ಇರಬೇಕಾಗಿತ್ತು. 1903ರಲ್ಲಿ ನೊಬೆಲ್ ಪಡೆದ ಅವರು ಮರುವರ್ಷವೇ ತೀರಿಕೊಂಡರು.

ಆದರೆ ತೊನ್ನಿನ ಚಿಕಿತ್ಸೆಯ ಬೇರು ಬೇರೆಡೆ ಇದೆ. ಶ್ವಿತ್ರಕ್ಕೆ, ಅಂದರೆ ತೊನ್ನಿಗೆ, ಔಷಧ ಕುಡಿಸಿ, ರೋಗಿಯ ಬಲಕ್ಕೆ ತಕ್ಕಂತೆ ಬಿಸಿಲು ಕಾಯಿಸುವ ಕ್ರಮ ಚರಕಸಂಹಿತೆಯಲ್ಲೇ ಬರುತ್ತದೆ. ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಸಿಗುವ ಬಾವಂಚಿ ಬೀಜದಲ್ಲಿಯೂ ಈಜಿಪ್ಟಿನ ನೈಲ್ ಕಣಿವೆಯ ಒಂದು ಕಾಡುಗಿಡದಲ್ಲಿಯೂ ಇರುವುದು ಚರ್ಮವನ್ನು ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿಸುವ ಸೊರಾಲೆನ್ ಗುಂಪಿನ ರಾಸಾಯನಿಕಗಳೇ. 1940ರ ದಶಕದಲ್ಲಿ ಕೈರೋದ ವೈದ್ಯ ಎಲ್ ಮೋಫ್ತಿ ಆ ಗಿಡದ ಸಾರವನ್ನು ತೊನ್ನಿಗೆ ಪ್ರಯೋಗಿಸಿದರು. 1974ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಸೊರಾಲೆನ್ ಮಾತ್ರೆಯ ಜೊತೆಗೆ ನೇರಳಾತೀತ ದೀಪವನ್ನು ಸೇರಿಸಿ, ಚರ್ಮ ಕೆಂಪಾಗಿ ಹೊಪ್ಪಳೆಯೇಳುವ ಸೋರಿಯಾಸಿಸ್‌ಗೆ ಬಳಸಿದರು.

ಹಾಗೆಂದು ಎಲ್ಲವೂ ನಮ್ಮಲ್ಲೇ ಇತ್ತೆಂದು ಬೀಗುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ರಾಯಚೂರಿನ ಬೇಸಿಗೆಯ ಬಿಸಿಲು ಮತ್ತು ಮಡಿಕೇರಿಯ ಮಳೆಗಾಲದ ಬಿಸಿಲು ಒಂದೇ ಅಲ್ಲ. ಎಷ್ಟು ಕಿರಣ, ಯಾವ ತರಂಗಾಂತರ ಎಂಬ ಲೆಕ್ಕವನ್ನು ಕೊಟ್ಟದ್ದು ದೀಪವೇ. ಆ ಲೆಕ್ಕ ಇದ್ದದ್ದರಿಂದಲೇ ಸೊರಾಲೆನ್ ಚಿಕಿತ್ಸೆಯನ್ನು ದೀರ್ಘಕಾಲ ಪಡೆದವರಲ್ಲಿ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚೆಂಬುದು ತಿಳಿಯಿತು, ಮತ್ತು ಔಷಧದ ಹಂಗಿಲ್ಲದೆ 311 ನ್ಯಾನೋಮೀಟರ್ ಆಸುಪಾಸಿನ ಕಿರಣವನ್ನಷ್ಟೇ ಬೀರುವ ದೀಪಗಳು 1980ರ ದಶಕದಲ್ಲಿ ಬಳಕೆಗೆ ಬಂದವು.

ಇಷ್ಟನ್ನು ಬರೆಯಲು ಕಾರಣ, ಅದೇ ಪುಟದ ಮನೆಮದ್ದಿನ ಅಂಕಣ. ಬಾವಂಚಿ ಎಣ್ಣೆ ಹಚ್ಚಿಕೊಂಡು ಬಿಸಿಲಿನಲ್ಲಿ ಕುಳಿತುಕೊಳ್ಳಿ ಎಂದಷ್ಟೇ ಅದು ಹೇಳುತ್ತದೆ. ಎಷ್ಟು ಹೊತ್ತೆಂದು ಹೇಳುವುದಿಲ್ಲ. ಸೊರಾಲೆನ್ ಸುಟ್ಟಗಾಯ ಆ ಕ್ಷಣದಲ್ಲಿ ಉರಿಯುವುದಿಲ್ಲ, ಒಂದೆರಡು ದಿನ ಕಳೆದು ಕೆಂಪೇರಿ ಬೊಬ್ಬೆಯೇಳುತ್ತದೆ. ಉರಿಯಲಿಲ್ಲವೆಂದು ಇನ್ನೂ ಅರ್ಧ ಗಂಟೆ ಕೂರುವವರೇ ಹೆಚ್ಚು. ಚರ್ಮವೈದ್ಯರ ಸಲಹೆಯಿಲ್ಲದೆ ಇದನ್ನು ಮಾಡಬಾರದೆಂಬ ಎಚ್ಚರಿಕೆಯನ್ನು ಮುಂದಿನ ಸಂಚಿಕೆಯ ಅದೇ ಅಂಕಣದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ